ಮಂಡೆಬಿಸಿ ಮನೆಯದ್ದೋ, ಊರಿನದ್ದೋ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಂದು ವಾರ್ಡಿನಲ್ಲಿ, ಕೇರಳ ಸರಕಾರದ ಮಹಿಳಾ ಗುಂಪುಗಳ ಯೋಜನೆಯಾದ ಕುಟುಂಬಶ್ರೀಯ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ‘ಮಂಡೆಬಿಸಿ’ಗೆ ಮದ್ದು ಮಾಡಲು ಮಂಗಳೂರಿಗೆ ಹೋಗಿಬರುವವರು ಪಕ್ಕದ ವಾರ್ಡಿಗಿಂತ ಹೆಚ್ಚು. ನಡುವೆ ಇರುವುದು ಒಂದು ಗುಡ್ಡ ಮಾತ್ರ. ಇದಕ್ಕೆ ಊರಿನ ಗುಣ ಕಾರಣವೇ? ವಾಚನಾಲಯದವರ ಜೊತೆ ಸೇರಿ ಎರಡೂ ವಾರ್ಡುಗಳಲ್ಲಿ ಸರ್ವೆ ಮಾಡಿ ಗ್ರಾಮಸಭೆಯಲ್ಲಿ ಓದಬೇಕೆಂದಿದ್ದೇವೆ. ಹೇಗೆ ಮಾಡುವುದು?

ಉತ್ತರ: ಮಾತ್ರೆಯ ಲೆಕ್ಕ ರೋಗದ ಲೆಕ್ಕವಲ್ಲ ಎಂಬಲ್ಲಿಂದ ಶುರು ಮಾಡೋಣ. ನಿಮ್ಹಾನ್ಸ್ 2015–16ರಲ್ಲಿ ಕೇರಳವೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದ ನೂರು ಜನರಲ್ಲಿ ಸುಮಾರು 85 ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಅಂದರೆ ಮಂಗಳೂರಿನ ಬಸ್ಸು ಹತ್ತಿದವರು ಎಣಿಕೆಯ ಒಂದು ಚೂರು. ನಿಮ್ಮ ವಾರ್ಡಿನವರಿಗೆ ಬಸ್ಸು ಹತ್ತಿರವಿರಬಹುದು, ಮೊದಲು ಹೋದ ಒಬ್ಬರು ಗುಣವಾಗಿ ಬಂದು ನಾಲ್ಕು ಜನರಿಗೆ ಹೇಳಿರಬಹುದು. ಗುಡ್ಡದಾಚೆ ಅದೇ ತೊಂದರೆ ‘ಗ್ಯಾಸು’, ‘ತಲೆಸುತ್ತು’, ‘ಸೊಂಟನೋವು’ ಎಂಬ ಹೆಸರಿನಲ್ಲಿ ಬೇರೆ ಡಾಕ್ಟರರ ಬಾಗಿಲಲ್ಲಿ ನಿಂತಿರಬಹುದು. ಚಿಕಿತ್ಸೆಗೆ ಹೋಗುವವರು ಹೆಚ್ಚಿರುವ ಊರು ಕೆಲವೊಮ್ಮೆ ಹೆಚ್ಚು ಆರೋಗ್ಯದ ಊರೇ ಆಗಿರುತ್ತದೆ.

ಹಾಗೆಂದು ಊರಿಗೆ ಪಾಲಿಲ್ಲ ಎಂದಲ್ಲ. ಅದೇ ಸಮೀಕ್ಷೆಯಲ್ಲಿ ಮಹಾನಗರಗಳ ಪ್ರಮಾಣ ಹಳ್ಳಿಗಳ ಎರಡರಷ್ಟು ಕಂಡಿತು. ಆದರೆ ಊರು ಮನಸ್ಸಿನ ಮೇಲೆ ಕೆಲಸ ಮಾಡುವುದು ಹೆಚ್ಚಾಗಿ ಮನೆಯ ಬಾಗಿಲಿನ ಮೂಲಕ. ಬ್ರಿಟನ್ನಿನಲ್ಲಿ ವ್ಯಕ್ತಿ, ಮನೆ, ವಾರ್ಡು ಎಂದು ಮೂರು ಮಟ್ಟದಲ್ಲಿ ಲೆಕ್ಕ ಬಿಡಿಸಿ ನೋಡಿದಾಗ ವಾರ್ಡಿನ ನೇರ ಪಾಲು ತೀರಾ ಸಣ್ಣದಿತ್ತು. ಮನೆಯ ಪಾಲು ಅದಕ್ಕಿಂತ ಎಷ್ಟೋ ದೊಡ್ಡದಿತ್ತು. ಒಂದೇ ಸೂರಿನಡಿ ಇರುವವರು ಒಬ್ಬರ ಸಾಲ, ಒಬ್ಬರ ಕುಡಿತ, ಒಬ್ಬರ ರೋಗವನ್ನು ಹಂಚಿಕೊಂಡೇ ಬದುಕುತ್ತಾರಲ್ಲ.

ನಿಮ್ಮ ಪ್ರಶ್ನೆಯ ತಿರುಳಿಗೆ ಒಂದು ಲೆಕ್ಕ ಸಾಕು. ಅಂಕಿಗಳು ಉದಾಹರಣೆಗೆ ಮಾತ್ರ. ತೀರಿಸಲಾಗದ ಸಾಲವಿರುವ ಮನೆಯವರಲ್ಲಿ ನೂರಕ್ಕೆ 25, ಇಲ್ಲದವರಲ್ಲಿ ನೂರಕ್ಕೆ 6 ಮಂದಿಗೆ ತೊಂದರೆ ಇದೆಯೆಂದು ಇಟ್ಟುಕೊಳ್ಳಿ. ಈ ದರ ಎರಡೂ ವಾರ್ಡಿನಲ್ಲಿ ಒಂದೇ. ನಿಮ್ಮ ವಾರ್ಡಿನಲ್ಲಿ ನೂರಕ್ಕೆ 30 ಮನೆಗೆ ಅಂಥ ಸಾಲವಿದೆ, ಪಕ್ಕದಲ್ಲಿ 10ಕ್ಕೆ. ಆಗ ನಿಮ್ಮಲ್ಲಿ ಒಟ್ಟು ಪ್ರಮಾಣ 11.7, ಅವರಲ್ಲಿ 7.9. ಗುಡ್ಡಕ್ಕೂ ಬೈಲಿಗೂ ಯಾವ ದೋಷವೂ ಇಲ್ಲದೆ ಇಷ್ಟು ವ್ಯತ್ಯಾಸ ಬಂತು. ಸಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ವಾರ್ಡಿನ ವ್ಯತ್ಯಾಸ ಮಾಯ.

ಹೆಚ್ಚಿನ ವರದಿಗಳು ಇಲ್ಲಿಗೆ ನಿಂತು ‘ಊರಿನ ಪ್ರಭಾವವಿಲ್ಲ’ ಎಂದು ಬರೆದು ಮುಗಿಸುತ್ತವೆ. ಅದು ಅವಸರದ ಮಾತು. ಆ 30 ಮನೆಗಳಿಗೆ ಸಾಲ ಬಂದದ್ದು ಎಲ್ಲಿಂದ? ನಿಮ್ಮ ಬೈಲಿನ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದದ್ದರಿಂದ ಎಂದಾದರೆ ಊರೇ ಕಾರಣ. ಸಾಲ ಅದರ ದಾರಿ. ದಾರಿಯನ್ನು ಲೆಕ್ಕದಿಂದ ಕಳೆದರೆ ಕಾರಣವೂ ಕಳೆದುಹೋಗುತ್ತದೆ. ಇನ್ನೊಂದು ಕಷ್ಟವೂ ಇದೆ. ಇಡೀ ಊರು ಗುಡ್ಡ ಕೊರೆದ ಒಂದೇ ಸುರಂಗದ ನೀರು ಕುಡಿಯುತ್ತಿದ್ದರೆ, ನೀರಿನ ದೋಷ ಮನೆ ಮನೆಯ ಹೋಲಿಕೆಯಲ್ಲಿ ಕಾಣುವುದಿಲ್ಲ. ಎಲ್ಲರೂ ಅನುಭವಿಸುವ ತೊಡಕು ಅಂಕಿಗಳಲ್ಲಿ ಸಣ್ಣದಾಗಿ ತೋರುತ್ತದೆ.

ಕಷ್ಟದವರೇ ಕಷ್ಟದ ಜಾಗಕ್ಕೆ ಬಂದು ಸೇರುತ್ತಾರಲ್ಲವೇ, ಜಾಗವನ್ನೇಕೆ ದೂರುವುದು ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. ಐದು ನಗರಗಳ ಕಡುಬಡವರ ಕೇರಿಗಳಿಂದ ಸುಮಾರು 4,600 ಕುಟುಂಬಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಕೆಲವರಿಗೆ ಮಾತ್ರ ಅಷ್ಟು ಬಡತನವಿಲ್ಲದ ಜಾಗಕ್ಕೆ ಹೋಗಲು ಬಾಡಿಗೆ ನೆರವು ಕೊಟ್ಟರು. ಹತ್ತು–ಹದಿನೈದು ವರ್ಷದ ಮೇಲೆ ಆದಾಯ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ, ಆದರೆ ದೊಡ್ಡವರ ಮಾನಸಿಕ ಆರೋಗ್ಯ ಸುಧಾರಿಸಿತ್ತು. ಹುಡುಗಿಯರಿಗೆ ಒಳ್ಳೆಯದಾಯಿತು, ಹುಡುಗರಲ್ಲಿ ಕೆಲವು ತೊಂದರೆಗಳು ಹೆಚ್ಚಾದವು. ಜಾಗದ ಪ್ರಭಾವ ಇದ್ದದ್ದೇ, ಎಲ್ಲರಿಗೂ ಒಂದೇ ದಿಕ್ಕಿನಲ್ಲಿಲ್ಲ ಅಷ್ಟೆ.

ಇನ್ನು ನಮ್ಮ ಜಿಲ್ಲೆಯಲ್ಲಿ ಯಾವ ಗುಣಗಳನ್ನು ನೋಡಬೇಕು?

ಮೊದಲನೆಯದು ಒಂಟಿತನ, ಅದರಲ್ಲೂ ನಮ್ಮ ಮನೆಗಳ ಹರವು. ತೋಟಕ್ಕೊಂದು ಮನೆ, ಮನೆಗೊಂದು ಬೈಲು. ಮಳೆಗಾಲದ ಸಂಜೆ ನೆರೆಕರೆಯ ದೀಪವೂ ಕಾಣದು. ಮಕ್ಕಳು ಬೆಂಗಳೂರಿನಲ್ಲಿ, ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆಯೂ ಸೊಸೆಯೂ ಮಾತ್ರ. ಲಂಡನ್ನಿನ ಕ್ಯಾಂಬರ್‌ವೆಲ್ಲಿನ ಮಹಿಳೆಯರ ಬಗ್ಗೆ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಪಯುಕ್ತ. ಕಷ್ಟ ಬಂದವರೆಲ್ಲ ಖಿನ್ನತೆಗೆ ಬೀಳಲಿಲ್ಲ. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರೂ ಇಲ್ಲದವರು, ಮನೆಯಲ್ಲಿ 14 ವರ್ಷದೊಳಗಿನ ಮೂರು ಅಥವಾ ಹೆಚ್ಚು ಮಕ್ಕಳಿದ್ದವರು, ಹೊರಗೆ ಕೆಲಸವಿಲ್ಲದವರು, 11 ವರ್ಷಕ್ಕೆ ಮುಂಚೆ ತಾಯಿಯನ್ನು ಕಳೆದುಕೊಂಡವರು ಹೆಚ್ಚು ಬಿದ್ದರು. ಗಮನಿಸಿ: ‘ಎಷ್ಟು ಜನ ನೆಂಟರಿದ್ದಾರೆ’ ಎಂಬ ಪ್ರಶ್ನೆಗಿಂತ ‘ಹೇಳಿಕೊಳ್ಳಲು ಯಾರಿದ್ದಾರೆ’ ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಪೂಜೆ, ಮದುವೆ, ಭಜನೆಗೆ ಇನ್ನೂರು ಜನ ಸೇರುವ ಮನೆಯಲ್ಲೂ ಆ ಒಬ್ಬರು ಇಲ್ಲದಿರಬಹುದು.

ಎಲ್ಲರೂ ಎಲ್ಲರನ್ನೂ ಬಲ್ಲ ಊರಿಗೆ ಒಂದು ಕೆಟ್ಟ ಮುಖವೂ ಇದೆ. ಒಗ್ಗಟ್ಟು ಜಾಸ್ತಿ ಇದ್ದಷ್ಟು ಗುಟ್ಟು ಕಡಿಮೆ. ಮಗಳ ಸಂಬಂಧ ತಪ್ಪೀತೆಂದು ತಾಯಿ ಪೇಟೆಯ ಮೆಡಿಕಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ‘ಒಗ್ಗಟ್ಟಿನ ಊರಲ್ಲಿ ಮಂಡೆಬಿಸಿ ಕಡಿಮೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ತಮ್ಮವರೊಳಗಿನ ನಂಟು ಬೇರೆ, ಬೇರೆ ಜಾತಿ ಮತ ಭಾಷೆಯವರ ಜೊತೆ, ಪಂಚಾಯತು ಬ್ಯಾಂಕಿನ ಜೊತೆ ಇರುವ ನಂಟು ಬೇರೆ. ಸಾಲ, ಪಿಂಚಣಿ, ಆಸ್ಪತ್ರೆ ಎಂಬ ಕಷ್ಟ ಬಂದಾಗ ಕೈಹಿಡಿಯುವುದು ಎರಡನೆಯದು.

ಎರಡನೆಯ ಗುಣ ಆರೈಕೆಯ ಭಾರ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯಂಥ ಪಂಚಾಯತುಗಳಲ್ಲಿ ಇದನ್ನು ಬಿಟ್ಟು ಲೆಕ್ಕ ಮಾಡಿದರೆ ಲೆಕ್ಕವೇ ಅಲ್ಲ. ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಜಾಗಗಳಿವು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಹಾಸಿಗೆ ಬಿಡದ ಮಗನನ್ನೋ ಮಗಳನ್ನೋ ಇಪ್ಪತ್ತು ಮೂವತ್ತು ವರ್ಷ ನೋಡಿಕೊಂಡ ತಾಯಿಗೆ ನಿದ್ದೆ ಬಾರದಿರಲು ವಿಷವೇ ಅವಳ ಮಿದುಳಿಗೆ ಹೋಗಬೇಕೆಂದಿಲ್ಲ; ಆರೈಕೆ, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬರುವ ಬಾರದ ಕಾಯುವಿಕೆ, ‘ನಾನು ಸತ್ತ ಮೇಲೆ ಇವನಿಗೆ ಯಾರು’ ಎಂಬ ಭಯ ಇಷ್ಟೇ ಸಾಕು. ನಿಮ್ಮ ಎರಡು ವಾರ್ಡುಗಳಲ್ಲಿ ಇಂಥ ಮನೆಗಳು ಎಲ್ಲಿ ಎಷ್ಟಿವೆ ಎಂದು ಮೊದಲು ಎಣಿಸಿ. ಗುಡ್ಡದಾಚೆ ಈಚೆಯ ವ್ಯತ್ಯಾಸದ ದೊಡ್ಡ ಪಾಲು ಅಲ್ಲೇ ಸಿಗಬಹುದು.

ಮೂರನೆಯದು ಗಡಿ. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ಆಸ್ಪತ್ರೆಗಳು ಇನ್ನೊಂದು ರಾಜ್ಯದಲ್ಲಿವೆ ಎಂಬುದು ಎಲ್ಲರಿಗೂ ಗೊತ್ತಾಯಿತು, ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮನೋವೈದ್ಯರಿಗಾಗಿ ಮಂಗಳೂರನ್ನು ನಂಬಿದವರಿಗೆ ಇಡೀ ದಿನದ ಕೂಲಿ, ಬಸ್ಸಿನ ದುಡ್ಡು, ಜೊತೆಗೊಬ್ಬರು ಬೇಕು. ಎರಡನೆಯ ಭೇಟಿಗೆ ಬಾರದಿರಲು ಕಾರಣ ಬಹುಮಟ್ಟಿಗೆ ಇದೇ. ಖಿನ್ನತೆಯ ಮಾತ್ರೆ ಹಿಡಿತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ನಡುವೆ ಬಿಟ್ಟವರಲ್ಲಿ ಹಲವರು ಮತ್ತೆ ಬೀಳುತ್ತಾರೆ, ‘ಮದ್ದು ನಾಟುವುದಿಲ್ಲ’ ಎಂಬ ಮಾತು ಊರಲ್ಲಿ ಉಳಿಯುತ್ತದೆ.

ಭಾಷೆಯ ಅಲ್ಪಸಂಖ್ಯಾತರಾಗಿರುವುದೇ ರೋಗಕ್ಕೆ ಕಾರಣವೇ ಎಂದು ಕನ್ನಡಿಗರು ಕೇಳುವುದುಂಟು. ತಮ್ಮವರು ವಿರಳವಾಗಿರುವ ಕಡೆ ಬದುಕುವ ಅಲ್ಪಸಂಖ್ಯಾತರಲ್ಲಿ ತೀವ್ರ ಮನೋರೋಗ ಹೆಚ್ಚು ಎಂಬುದು ಯುರೋಪಿನ ಹಲವು ಅಧ್ಯಯನಗಳಲ್ಲಿ ಕಂಡಿದೆ. ಖಿನ್ನತೆ, ಆತಂಕದ ವಿಷಯದಲ್ಲಿ ಫಲಿತಾಂಶ ಒಂದೇ ತೆರನಾಗಿಲ್ಲ. ಮಂಜೇಶ್ವರದ ಬೈಲುಗಳಲ್ಲಿ ಸುತ್ತಲೂ ತಮ್ಮ ಮಾತಿನವರೇ ಇರುವುದರಿಂದ ಆ ವಾದವನ್ನು ಹಾಗೇ ಇಲ್ಲಿ ಹಾಕಲಾಗದು. ಭಾಷೆ ಖಂಡಿತವಾಗಿ ಕಾಡುವುದು ಡಾಕ್ಟರರ ಮೇಜಿನ ಮುಂದೆ, ನಿಮ್ಮ ಸರ್ವೆಯ ಕಾಗದದಲ್ಲಿ.

ಆ ಕಾಗದಕ್ಕೆ ಬರೋಣ. ಖಿನ್ನತೆಗೆ ಪಿ.ಎಚ್.ಕ್ಯೂ.-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಸಾಕು. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 10 ಮತ್ತು ಮೇಲಿನವರನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಆತಂಕಕ್ಕೆ ಜಿ.ಎ.ಡಿ.-7, ಒಟ್ಟು 21. ಎರಡೂ ಕನ್ನಡ, ಮಲಯಾಳ ಎರಡರಲ್ಲೂ ಸಿಗುತ್ತವೆ. ನೀವೇ ಕೂತು ಅನುವಾದ ಮಾಡಬೇಡಿ. ನಮ್ಮ ಜಿಲ್ಲೆಯ ಬಲೆ ಯಾವುದೆಂದರೆ ‘ಬೇಜಾರು’. ಕನ್ನಡದಲ್ಲಿ ಅದು ಬೇಸರ, ಸ್ವಲ್ಪ ನೋವು. ಉತ್ತರ ಕೇರಳದ ಮಲಯಾಳದಲ್ಲಿ ಅದು ಗಾಬರಿ, ಆತಂಕ. ಒಂದೇ ಮನೆಯಲ್ಲಿ ಅಜ್ಜಿ ತುಳುವಿನಲ್ಲಿ, ಮೊಮ್ಮಗಳು ಮಲಯಾಳದಲ್ಲಿ ಆ ಪದಕ್ಕೆ ‘ಹೌದು’ ಎಂದರೆ ಅವರು ಹೇಳಿದ್ದು ಒಂದೇ ಸಂಗತಿಯಲ್ಲ. ‘ಖಿನ್ನತೆ’ ಎಂದರೆ ವಯಸ್ಸಾದವರಿಗೆ ಅರ್ಥವಾಗದು, ‘ಮನಸ್ಸು ಕುಗ್ಗಿದೆಯೇ’ ಎಂದರೆ ಆಗುತ್ತದೆ. ತುಳು, ಬ್ಯಾರಿ ಮಾತ್ರ ಬಲ್ಲವರಿಗೆ ಏನು ಕೇಳಬೇಕೆಂಬುದನ್ನು ಮೊದಲೇ ಹತ್ತು ಜನರಲ್ಲಿ ಕೇಳಿ ನೋಡಿ, ಪದ ಗಟ್ಟಿ ಮಾಡಿ, ಎಲ್ಲ ಕಾರ್ಯಕರ್ತೆಯರೂ ಅದನ್ನೇ ಬಳಸಲಿ.

ಎಷ್ಟು ಜನರನ್ನು ಕೇಳಬೇಕು? ಸಣ್ಣ ಸರ್ವೆಗಳು ಸೋಲುವುದು ಇಲ್ಲೇ. 100 ಜನರಲ್ಲಿ 10 ಮಂದಿಗೆ ತೊಂದರೆ ಕಂಡರೆ ನಿಜವಾದ ಪ್ರಮಾಣ ಸುಮಾರು 5ರಿಂದ 17ರ ನಡುವೆ ಎಲ್ಲಿಯೂ ಇರಬಹುದು. ನಿಮ್ಮಲ್ಲಿ 100ಕ್ಕೆ 14, ಅವರಲ್ಲಿ 100ಕ್ಕೆ 8 ಬಂದರೂ ಅದು ಕಾಕತಾಳೀಯವಿರಬಹುದು. 14 ಮತ್ತು 8ರ ವ್ಯತ್ಯಾಸವನ್ನು ನಂಬುವಂತೆ ಹಿಡಿಯಲು ಪ್ರತಿ ವಾರ್ಡಿನಲ್ಲಿ 420ರಿಂದ 430 ಜನ ಬೇಕು. ಮನೆಗೊಬ್ಬರಂತೆ ಕೇಳಿದರೆ ಅಷ್ಟು ಮನೆಗಳೇ ನಿಮ್ಮ ವಾರ್ಡಿನಲ್ಲಿರಲಾರವು. ಹಾಗಾಗಿ ವಾರ್ಡಿಗೆ ವಾರ್ಡು ಹೋಲಿಸುವ ಆಸೆ ಬಿಡಿ. ಆರೇಳು ವಾರ್ಡುಗಳವರು ಸೇರಿ, ಮನೆಗಳನ್ನು ಬಗೆಗಳಾಗಿ ವಿಂಗಡಿಸಿ ಹೋಲಿಸಿ: ಬಸ್ಸಿನ ದಾರಿಯಿಂದ ಎರಡು ಕಿಲೋಮೀಟರ್ ಒಳಗಿನವು ಮತ್ತು ಆಚೆಯವು, ಪೂರ್ತಿ ಆರೈಕೆ ಬೇಕಾದವರಿರುವವು ಮತ್ತು ಇಲ್ಲದವು.

ಮನೆ ಆರಿಸಲು ಆಶಾ ಕಾರ್ಯಕರ್ತೆಯ ಮನೆಪಟ್ಟಿಯಿಂದ ಮೂರನೆಯದೋ ನಾಲ್ಕನೆಯದೋ ಒಂದೊಂದು ಮನೆ ತೆಗೆಯಿರಿ. ಮನೆಯೊಳಗೆ 18 ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರನ್ನೇ ಕೇಳಿ. ಬಾಗಿಲು ತೆರೆದವರನ್ನು ಕೇಳುತ್ತ ಹೋದರೆ ಹಗಲು ಮನೆಯಲ್ಲಿರುವ ಹೆಂಗಸರೂ ಮುದುಕರೂ ಮಾತ್ರ ಬಂದು ಪ್ರಮಾಣ ಉಬ್ಬುತ್ತದೆ. ಬೀಗ ಹಾಕಿದ್ದರೆ ಸಂಜೆಯೂ ಭಾನುವಾರವೂ ಸೇರಿ ಮೂರು ಸಲ ಹೋಗಿ, ಆಮೇಲೆ ಬಿಡಿ. ಪಕ್ಕದ ಮನೆಯನ್ನು ಬದಲಿಗೆ ಹಾಕಬೇಡಿ. ನಿಮ್ಮ ವಾರ್ಡಿನ ಕಾರ್ಯಕರ್ತೆಯರು ಬೇರೆ ವಾರ್ಡಿಗೆ, ಅವರು ನಿಮ್ಮಲ್ಲಿಗೆ. ಅಯಲ್ಕೂಟದ, ಅಂದರೆ ಕುಟುಂಬಶ್ರೀಯ ನೆರೆಕರೆ ಗುಂಪಿನ, ಸಾಲ ವಸೂಲಿಗೆ ಬರುವವರ ಮುಂದೆ ಯಾರು ತಾನೇ ಬಾಯಿ ಬಿಟ್ಟಾರು? ಅತ್ತೆ ಕೇಳುವಷ್ಟು ಹತ್ತಿರ ಕೂತಿದ್ದರೆ ಸೊಸೆಯ ಉತ್ತರ ಉತ್ತರವಲ್ಲ; ಬಟ್ಟೆ ಒಗೆಯುವ ಕಲ್ಲಿನ ಬಳಿಯೋ ಅಂಗಳದ ತುದಿಯಲ್ಲೋ ಕೂರಿ. ತಿಂಗಳೂ ಮುಖ್ಯ: ಒಂದು ಕಡೆ ಮಳೆಗಾಲದ ಆಟಿ ತಿಂಗಳಲ್ಲಿ, ಇನ್ನೊಂದು ಕಡೆ ಅಡಿಕೆ ಮಾರಿದ ಮೇಲೆ ಕೇಳಿದರೆ ನೀವು ಹೋಲಿಸಿದ್ದು ಕಾಲವನ್ನು, ಊರನ್ನಲ್ಲ.

ಊರಿನ ಗುಣಗಳನ್ನು ಅದೇ ಜನರ ಬಾಯಿಂದ ಕೇಳಬೇಡಿ. ಮನಸ್ಸು ಕುಗ್ಗಿದವರಿಗೆ ಊರೂ ಕೆಟ್ಟದಾಗಿಯೇ ಕಾಣುತ್ತದೆ. ‘ನೆರೆಕರೆಯವರು ಒಳ್ಳೆಯವರೇ’ ಎಂಬ ಪ್ರಶ್ನೆಗೂ ಪಿ.ಎಚ್.ಕ್ಯೂ. ಅಂಕಕ್ಕೂ ಸಂಬಂಧ ಕಂಡರೆ ಅದು ಒಂದೇ ಕನ್ನಡಕದ ಎರಡು ಗಾಜು. ಇಬ್ಬರು ನಡೆದುಹೋಗಿ ನೋಡಿ ಬರೆಯಲಿ: ದಿನಕ್ಕೆ ಎಷ್ಟು ಬಸ್ಸು, ಕೊನೆಯದು ಎಷ್ಟು ಗಂಟೆಗೆ, ಉರಿಯುವ ದಾರಿದೀಪ ಎಷ್ಟು, ಮೊಬೈಲಿಗೆ ರೇಂಜ್ ಸಿಗದ ಮನೆಗಳು ಎಷ್ಟು, ಸಂಜೆ ನಾಲ್ಕರ ಮೇಲೆ ಹೆಂಗಸರು ಕೂರಬಹುದಾದ ಜಾಗ ಒಂದಾದರೂ ಇದೆಯೇ, ವಾರದ ವಸೂಲಿಗೆ ಎಷ್ಟು ಮೈಕ್ರೋಫೈನಾನ್ಸಿನವರು ಬರುತ್ತಾರೆ. ಫಿಲಡೆಲ್ಫಿಯಾದಲ್ಲಿ 541 ಪಾಳು ಜಾಗಗಳಲ್ಲಿ ಕೆಲವನ್ನು ಮಾತ್ರ ಚೊಕ್ಕಟ ಮಾಡಿ ಹುಲ್ಲು ಬೆಳೆಸಿದಾಗ ಸುತ್ತಲಿನವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರು ಸುಮಾರು 40% ಇಳಿದರು ಎಂದು 2018ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಹಸಿರಿಗೆ ಬರವಿಲ್ಲ, ಬರವಿರುವುದು ಬೆಳಕಿಗೆ ಮತ್ತು ಬಸ್ಸಿಗೆ.

ಪಿ.ಎಚ್.ಕ್ಯೂ. ಜರಡಿ ಮಾತ್ರ, ರೋಗನಿರ್ಣಯವಲ್ಲ. 400 ಜನರನ್ನು ಕೇಳಿದಿರಿ, ನಿಜವಾಗಿ ತೊಂದರೆ ಇರುವವರು 40. ಜರಡಿ ಅವರಲ್ಲಿ ನೂರಕ್ಕೆ 85 ಮಂದಿಯನ್ನು ಹಿಡಿಯುತ್ತದೆ, ತೊಂದರೆ ಇಲ್ಲದವರಲ್ಲಿ ನೂರಕ್ಕೆ 15 ಮಂದಿಯನ್ನೂ ಹಿಡಿಯುತ್ತದೆ ಎಂದರೆ, 34ರ ಜೊತೆ 54 ಜನ ಸುಮ್ಮನೆ ಸಿಕ್ಕಿಬೀಳುತ್ತಾರೆ. ಒಟ್ಟು 88. ಇಷ್ಟು ಜನರನ್ನು ಮಾತಾಡಿಸಿ ನೋಡುವ ಡಾಕ್ಟರರು ಯಾರು, ಯಾವ ದಿನ, ಯಾವ ಭಾಷೆಯಲ್ಲಿ ಎಂಬುದನ್ನು ಕುಟುಂಬ ಆರೋಗ್ಯ ಕೇಂದ್ರದ ಜೊತೆ ಗಟ್ಟಿ ಮಾಡದೆ ಮೊದಲ ಮನೆಯ ಮೆಟ್ಟಿಲು ಹತ್ತಬೇಡಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ ‘ಆಶ್ವಾಸಂ’ ಕ್ಲಿನಿಕ್ ಎಂಬ ಏರ್ಪಾಡಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ನಿಮ್ಮ ಕೇಂದ್ರದಲ್ಲಿ ಯಾವ ದಿನ ನಡೆಯುತ್ತದೆಂದು ಕೇಳಿ ತಿಳಿಯಿರಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದರೆ ಹಗುರಾಗುವವರೂ ಇದ್ದಾರೆ. ಆದರೆ 0 ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಫಾರಂ ಮಡಚಿಡಿ. ಈಗ ಯೋಜನೆ ಇದೆಯೇ, ಹಿಂದೆ ಪ್ರಯತ್ನ ಮಾಡಿದ್ದರೇ, ಕೀಟನಾಶಕ ಮನೆಯಲ್ಲಿದೆಯೇ ಎಂದು ಕೇಳಿ. ಇದ್ದರೆ ಅವರನ್ನು ಒಂಟಿಯಾಗಿ ಬಿಡದೆ, ಅವರು ನಂಬುವ ಒಬ್ಬರನ್ನು ಕರೆಸಿ, ಡಬ್ಬಿ ಮನೆಯಿಂದಾಚೆ ಹೋಗುವಂತೆ ಮಾಡಿ, ಅಂದೇ ಡಾಕ್ಟರರಿಗೆ ತೋರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ‘ದಿಶ’ದ ಸಂಖ್ಯೆ 1056.

ಸರ್ವೆಗಿಂತ ಮೊದಲೇ ಮಾಡಬಹುದಾದ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಕೂತು ಬಾಣಂತಿ, ಶಿಶುಗಳ ಕಷ್ಟವನ್ನು ತಾವೇ ಚರ್ಚಿಸಿ ಪರಿಹಾರ ಹುಡುಕಿದವು. ಯಾರೂ ಖಿನ್ನತೆಯ ಪಾಠ ಮಾಡಲಿಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ನವಜಾತ ಶಿಶುಗಳ ಸಾವು ಸುಮಾರು ಮೂರನೇ ಒಂದಂಶ ಇಳಿಯಿತು, ಮೂರನೆಯ ವರ್ಷದಲ್ಲಿ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಖಿನ್ನತೆಯಿದ್ದ ಬಸುರಿಯರನ್ನು ಮನೆಗೆ ಹೋಗಿ ಮಾತಾಡಿಸಿದ ಪ್ರಯೋಗದಲ್ಲಿ, ಹೆರಿಗೆಯ ಆರು ತಿಂಗಳ ಮೇಲೆ ಖಿನ್ನರಾಗಿ ಉಳಿದವರು ನೂರಕ್ಕೆ 23. ಬರೀ ಭೇಟಿ ಕೊಟ್ಟ ಕಡೆ 53.

ಅಯಲ್ಕೂಟ ಅಂಥದೇ ಗುಂಪು, ನಿಮ್ಮಲ್ಲಿ ಈಗಾಗಲೇ ಇದೆ; ಕೇರಳದಲ್ಲಿ ಕುಟುಂಬಶ್ರೀ ಶುರುವಾದದ್ದು 1998ರಲ್ಲಿ. ತೊಡಕೆಂದರೆ ಅದು ಉಳಿತಾಯ, ಸಾಲದ ಗುಂಪೂ ಹೌದು. ಕಂತು ಕಟ್ಟಲಾಗದವಳು ಮೊದಲು ಬಿಡುವುದು ಸಭೆಯನ್ನೇ. ಹಾಜರಿ ಪುಸ್ತಕ ತೆಗೆಯಿರಿ: ಸತತ ಮೂರು ವಾರ ಬಾರದವರು ಯಾರು? ಪಿ.ಎಚ್.ಕ್ಯೂ.ಗಿಂತ ಅಗ್ಗದ ಜರಡಿ ಅದು. ಅವರ ಮನೆಗೆ ಪಾಸ್‌ಬುಕ್ ಹಿಡಿಯದ ಒಬ್ಬರು ಹೋಗಲಿ. ತಿಂಗಳಿಗೊಂದು ಸಭೆಯಲ್ಲಿ ದುಡ್ಡಿನ ಮಾತು ಬೇಡ, ಕಂತಿನ ಪುಸ್ತಕವೇ ಬರಬಾರದು. ಪೂರ್ತಿ ಆರೈಕೆಯಲ್ಲಿರುವ ತಾಯಂದಿರು ಸಭೆಗೆ ಬರಬೇಕಾದರೆ ಆ ಎರಡು ಗಂಟೆ ಮಗುವಿನ ಬಳಿ ಕೂರಲು ಸರದಿಯಲ್ಲಿ ಒಬ್ಬರು ಬೇಕು. ಸದ್ಯಕ್ಕೆ ಬೇರೆಲ್ಲ ಯೋಜನೆಗಿಂತ ಈ ಸರದಿಯ ಪಟ್ಟಿಯನ್ನೇ ಮೊದಲು ಬರೆಯಿರಿ.

ಗ್ರಾಮಸಭೆಯಲ್ಲಿ ಓದುವ ವಿಷಯ. ಯಾವ ವಾರ್ಡಿನಲ್ಲಿ ಎಷ್ಟು ರೋಗಿಗಳು ಎಂದು ಓದಬೇಡಿ. ಆ ವಾರ್ಡಿನ ಹುಡುಗಿಯರ ಮದುವೆಯ ಮಾತಿಗೆ ಅಡ್ಡಿಯಾಗುವುದು ನಿಮ್ಮ ಅಂಕಿಯೇ. ಐದಕ್ಕಿಂತ ಕಡಿಮೆ ಜನರಿರುವ ಯಾವ ಗುಂಪನ್ನೂ ಬಿಡಿಸಿ ಹೇಳಬೇಡಿ, ಯಾರೆಂದು ಊರು ಐದು ನಿಮಿಷದಲ್ಲಿ ಪತ್ತೆಮಾಡುತ್ತದೆ. ಹೆಸರಿರುವ ಹಾಳೆ ಬೇರೆ, ಉತ್ತರದ ಹಾಳೆ ಬೇರೆ ಇಡಿ. ಕಳಿಸಬೇಕಾದವರನ್ನು ಕಳಿಸಿದ ಮೇಲೆ ಹೆಸರಿನ ಹಾಳೆ ಸುಟ್ಟುಬಿಡಿ. ಓದಬೇಕಾದ್ದು ನೀವು ನಡೆದು ಬರೆದ ಪಟ್ಟಿ: ಕೊನೆಯ ಬಸ್ಸಿನ ಗಂಟೆ, ಉರಿಯದ ದೀಪಗಳು, ಆರೈಕೆಯ ಮನೆಗಳ ಸಂಖ್ಯೆ, ಕನ್ನಡ ತುಳು ಬಲ್ಲವರು ಕ್ಲಿನಿಕ್ಕಿನಲ್ಲಿ ಯಾವ ದಿನ ಇರುತ್ತಾರೆ ಅಥವಾ ಇರುವುದಿಲ್ಲ ಎಂಬುದು. ಇವಕ್ಕೆ ಪಂಚಾಯತು ಉತ್ತರ ಕೊಡಲೇಬೇಕಾಗುತ್ತದೆ, ಅದೇ ದಿನ ನಡಾವಳಿಯಲ್ಲಿ ಬರೆಸಿಕೊಳ್ಳಿ.